ಅರ್ಧ ಮಾರ್ಕಿನ ಸುರಂಗ

ಮೊದಲೇ ಹೇಳಿಬಿಡ್ತೇನೆ, ತಪ್ಪು ಹಾಕಿದ್ದು ನಾನೇ. ಏಳನೇ ಕ್ಲಾಸಿನ ಓಣಂ ಪರೀಕ್ಷೆಯ, ಅಂದ್ರೆ ನಮ್ಮ ಕೇರಳದ ಶಾಲೆಗಳ ಮೊದಲ ಟರ್ಮಿನ ಪರೀಕ್ಷೆಯ ಪೇಪರು, ಮನೆಗೆ ತಂದು ರಾತ್ರಿ ಊಟ ಆದ್ಮೇಲೆ ಜಗಲಿಯಲ್ಲಿ ಕೂತು ತಿದ್ದುತ್ತಾ ಇದ್ದೆ, ಹೊರಗೆ ಮಳೆ, ಕರೆಂಟು ಬರುದು ಹೋಗುದು. ಪ್ರಶ್ನೆ ಎಂತ ದೊಡ್ಡದಲ್ಲ, ‘ನಿಮಗೆ ತಿಳಿದಿರುವ ನಾಲ್ಕು ಜಲಮೂಲಗಳನ್ನು ಬರೆಯಿರಿ’, 2 ಮಾರ್ಕು, ಒಂದಕ್ಕೆ ಅರ್ಧರ್ಧ. ಒಬ್ಬಳು ಹುಡುಗಿ ಬರೆದಿದ್ದಳು: ಬಾವಿ, ಕೆರೆ, ಹೊಳೆ, ಸುರಂಗ. ಮೂರಕ್ಕೆ ರೈಟ್ ಹಾಕಿದೆ, ಸುರಂಗಕ್ಕೆ ಇಂಟು ಹಾಕಿದೆ, ಒಂದೂವರೆ ಕೊಟ್ಟು ಪುಟ ತಿರುಗಿಸಿದೆ. ಉತ್ತರ ಸೂಚಿಯಲ್ಲಿ ಸುರಂಗ ಇರ್ಲಿಲ್ಲ, ಅಷ್ಟೇ ಕಾರಣ.

ಈಗ ಕೇಳಿ. ನಾನು ಆ ಇಂಟು ಹಾಕುವಾಗ ಪಕ್ಕದಲ್ಲಿ ಒಂದು ಚೊಂಬು ನೀರು ಇತ್ತು, ಆ ನೀರು ಬಂದದ್ದು ಸುರಂಗದಿಂದ. ನಾನು ಹುಟ್ಟಿದ ಮನೆಯಲ್ಲೂ ಸುರಂಗ, ಈಗಿರುವ ಮನೆಯಲ್ಲೂ ಸುರಂಗ. ಕಾಸರಗೋಡಿನ ಬದಿಯಡ್ಕ ಪೆರ್ಲ ಕಡೆಯವರಿಗೆ ಇದನ್ನು ವಿವರಿಸ್ಲಿಕ್ಕಿಲ್ಲ, ಘಟ್ಟದ ಮೇಲಿನವರಿಗಾಗಿ ಹೇಳ್ತೇನೆ: ಬಾವಿಯನ್ನು ಕೆಳಗೆ ತೋಡ್ತಾರೆ, ಸುರಂಗವನ್ನು ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಕೊರೀತಾರೆ. ಕೆಂಪು ಮುರಕಲ್ಲು, ಒಬ್ಬ ಮನುಷ್ಯ ಹೋಗುವಷ್ಟೇ ಅಗಲ, ಒಳಗೆ ಹೋಗ್ತಾ ಹೋಗ್ತಾ ಕಲ್ಲಿನಿಂದ ನೀರು ಜಿನುಗ್ಲಿಕ್ಕೆ ಶುರುವಾಗ್ತದೆ, ಅದು ತನ್ನಷ್ಟಕ್ಕೆ ಹೊರಗೆ ಹರಿದು ಬರ್ತದೆ. ಪಂಪು ಬೇಡ, ಕರೆಂಟು ಬೇಡ. ಮೊದಲೆಲ್ಲ ಅಡಿಕೆ ಮರದ ದಂಬೆ ಇಟ್ಟು ಅಂಗಳದ ತೊಟ್ಟಿಗೆ ತಂದುಕೊಳ್ತಾ ಇದ್ರು, ಈಗ ಪೈಪು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಹತ್ರ ಮಳೆ ಬಿದ್ರೂ ಗುಡ್ಡದಲ್ಲಿ ನಿಲ್ಲದೆ ಸಮುದ್ರಕ್ಕೆ ಓಡುವ ಊರಿನಲ್ಲಿ ನಮ್ಮ ಅಜ್ಜಂದಿರು ಕಂಡುಕೊಂಡ ಉಪಾಯ ಇದು. ಅಂಥ ಮನೆಯಲ್ಲಿ ಕೂತು ನಾನು ಸುರಂಗ ತಪ್ಪು ಅಂತ ಹಾಕಿದ್ದೇನೆ.

ಈ ಪ್ರಕರಣದ ಬಗ್ಗೆ ಆಮೇಲೆ ಒಂದು ಆಕ್ಷನ್ ರಿಸರ್ಚ್ ರಿಪೋರ್ಟು ಬರೆದು ಕೊಟ್ಟೆ. ಸಮಸ್ಯೆ, ಉದ್ದೇಶ, ವಿಧಾನ, ಫಲಿತಾಂಶ ಅಂತ ನಾಲ್ಕು ಹೆಡ್ಡಿಂಗು, ಅದರಲ್ಲಿ ಎಲ್ಲ ಸರಿಯಾಗಿ ನಡೆದ ಹಾಗೆ ಉಂಟು. ಇಲ್ಲಿ ನಡೆದದ್ದನ್ನು ನಡೆದ ಹಾಗೆ ಬರೀತೇನೆ.

ಪೇಪರು ಕೊಟ್ಟ ದಿನ ಆ ಹುಡುಗಿ ಮೇಜಿನ ಹತ್ರ ಬಂದಳು. ಜಗಳಕ್ಕಲ್ಲ, ನಿಜವಾಗಿ ಗೊತ್ತಾಗದೆ ಕೇಳಿದ್ದು. ಮನೆಮಾತು ತುಳು, ಗಾಬರಿಯಾದ್ರೆ ತುಳುವೇ ಬರುದು. ‘ಎಂಕ್ಲೆ ಇಲ್ಲಗ್ ನೀರ್ ಬರ್ಪುನೆ ಸುರಂಗೊಡ್ದ್ ಅತ್ತಾ ಟೀಚರ್?’ ನಮ್ಮ ಮನೆಗೆ ನೀರು ಬರುದು ಸುರಂಗದಿಂದ ಅಲ್ವಾ ಅಂತ. ಹೌದು ಅಂದೆ. ‘ಮತ್ತೆ?’ ಅಂದಳು. ಆ ಮತ್ತೆಗೆ ನನ್ನ ಹತ್ರ ಉತ್ತರ ಇರ್ಲಿಲ್ಲ. ನೋಡುವ, ನಾಳೆ ಹೇಳ್ತೇನೆ ಅಂತ ಕಳಿಸಿದೆ, ಟೀಚರುಗಳು ಹೇಳುವ ಮಾಮೂಲಿ ಮಾತು.

ಆ ಸಂಜೆ 23 ಪೇಪರುಗಳನ್ನೂ ಮಕ್ಕಳಿಂದ ವಾಪಸು ತಕೊಂಡು ಇನ್ನೊಮ್ಮೆ ನೋಡಿದೆ. ಅದರಲ್ಲಿ ಎರಡು ಪೇಪರು ಕಂಡು ನನಗೆ ನಿಜವಾಗಿ ಮಂಡೆಬಿಸಿ ಆಯ್ತು. ಎರಡರಲ್ಲೂ ‘ಸುರಂಗ’ ಅಂತ ಬರೆದು, ಮಕ್ಕಳೇ ಅದನ್ನು ಉರುಟು ಉರುಟು ಗೀಚಿ ಅಳಿಸಿ, ಪಕ್ಕದಲ್ಲಿ ‘ಕೊಳವೆಬಾವಿ’ ಅಂತ ಬರೆದಿದ್ದಾರೆ. ಒಬ್ಬನಂತೂ ಎಷ್ಟು ಗೀಚಿದ್ದಾನೆ ಅಂದ್ರೆ ಕಾಗದ ಹರಿದು ಹಿಂದಿನ ಪುಟ ಕಾಣ್ತದೆ. ಅವನ ಮನೆಯಲ್ಲಿ ಕೊಳವೆಬಾವಿ ಇಲ್ಲ, ನನಗೆ ಗೊತ್ತುಂಟು. ಇಬ್ಬರಿಗೂ ನಾನು ಪೂರ್ತಿ ಎರಡು ಮಾರ್ಕು ಕೊಟ್ಟಿದ್ದೆ.

ಎಮ್ಮೆಡ್ ಮಾಡುವಾಗ ಕರಿಕ್ಯುಲಂ ಥಿಯರಿಗೆ, ಅಂದ್ರೆ ಶಾಲೆಯಲ್ಲಿ ಎಂತ ಕಲಿಸಬೇಕು ಯಾಕೆ ಕಲಿಸಬೇಕು ಅನ್ನುವ ವಿಚಾರಕ್ಕೆ ಅಂತಲೇ ಒಂದು ಪೇಪರು ಇತ್ತು, ಅದಕ್ಕೆ ನಾನು ಆ ಬಗ್ಗೆ ಪುಸ್ತಕ ಬರೆದವರ ಒಂದು ಚಾರ್ಟು ಬಾಯಿಪಾಠ ಮಾಡಿದ್ದೆ. ಎಡದಿಂದ ಬಲಕ್ಕೆ ಬಾಣ, 1902 ಡ್ಯೂಯಿ, 1918 ಬಾಬಿಟ್, 1949 ಟೈಲರ್, 1960 ಬ್ರೂನರ್, 1962 ಟಾಬಾ, 1968 ಜಾಕ್ಸನ್, 1970 ಇಂಗ್ಲೀಷಿಗೆ ಬಂದ ಫ್ರೇರೆ, 1979 ಆಪಲ್. ಒಬ್ಬರು ಹೋಗಿ ಇನ್ನೊಬ್ಬರು ಬಂದ ಹಾಗೆ, ರಾಜರ ವಂಶಾವಳಿ ಇದ್ದ ಹಾಗೆ. ಪರೀಕ್ಷೆ ಬರೆದೆ, ಒಳ್ಳೆ ಮಾರ್ಕೂ ಬಂತು. ಜಾಕ್ಸನ್ ಅವರ ‘ಗುಪ್ತ ಪಠ್ಯಕ್ರಮ’ದ ಮೇಲೆ ಎರಡು ಪುಟ ಬರೆದದ್ದು ನೆನಪುಂಟು: ಶಾಲೆ ಬಾಯಿಬಿಟ್ಟು ಕಲಿಸದೆ ಇದ್ದದ್ದನ್ನೂ ಮಕ್ಕಳು ಕಲೀತಾರೆ, ಸಾಲಿನಲ್ಲಿ ಕಾಯುದು, ಟೀಚರಿಗೆ ಎಂತ ಬೇಕು ಅಂತ ಊಹಿಸುದು ಇತ್ಯಾದಿ. ಬರೆದದ್ದು ಬರೆದೆ, ಅದು ಎಂತ ಅಂತ ಗೊತ್ತಾದ್ದು ಆ ಹರಿದ ಕಾಗದ ಬೆಳಕಿಗೆ ಹಿಡಿದು ನೋಡಿದಾಗ. ಹನ್ನೆರಡು ವರ್ಷದ ಹುಡುಗನಿಗೆ ತಾನು ಕುಡಿಯುವ ನೀರಿನ ಹೆಸರು ಶಾಲೆಗೆ ಬೇಡ ಅಂತ ಯಾರೂ ಹೇಳಿಕೊಟ್ಟಿಲ್ಲ. ಆದ್ರೂ ಗೊತ್ತುಂಟು.

ಮರುದಿನ ಸ್ಟಾಫ್ ರೂಮಿನಲ್ಲಿ ವಿಷಯ ಎತ್ತಿದೆ. ಚಾ ಕುಡಿಯುವ ಹತ್ತು ನಿಮಿಷದಲ್ಲಿ ಮುಗೀಬಹುದು ಅಂತ ಇದ್ದೆ, ಎರಡು ವಾರ ಹೋಯ್ತು.

ಗಣಿತದ ಮಾಷ್ಟ್ರು ಖಡಾಖಂಡಿತ, ಮಾರ್ಕು ಕೊಡಬಾರದು. ಅವರನ್ನು ಹಳೇ ಕಾಲದವರು ಅಂತ ತಳ್ಳಿಹಾಕ್ಲಿಕ್ಕೆ ಆಗುದಿಲ್ಲ, ಯಾಕಂದ್ರೆ ಅವರ ವಾದದಲ್ಲಿ ತೂಕ ಉಂಟು. ‘ಟೀಚರೇ, ನೀವು ಸುರಂಗಕ್ಕೆ ಅರ್ಧ ಕೊಡ್ತೀರಿ, ಆಚೆ ಶಾಲೆಯವರು ಕೊಡುದಿಲ್ಲ, ಆ ಮಗು ಎಂತ ಪಾಪ ಮಾಡಿದೆ? ನಾವು ಕನ್ನಡ ಮೀಡಿಯಂನವರು, ನಮ್ಮ ಪೇಪರೇ ಮಲಯಾಳದಿಂದ ಅನುವಾದ ಆಗಿ ಬರುದು, ಅದರಲ್ಲೇ ಸಾವಿರ ಗೊಂದಲ, ಕಡೆಗೆ ಉಳಿಯುವ ಒಂದು ಆಧಾರ ಅಂದ್ರೆ ಈ ಉತ್ತರ ಸೂಚಿ, ಕೀ. ಅದನ್ನೂ ಸಡಿಲ ಮಾಡಿದ್ರೆ ನಮ್ಮ ಮಕ್ಕಳಿಗೇ ಪೆಟ್ಟು.’ ಅನುವಾದ ತಪ್ಪಿದ ಪ್ರಶ್ನೆಗಳಿಗೆ ಪೂರ್ತಿ ಮಾರ್ಕು ಕೊಡಿಸ್ಲಿಕ್ಕೆ ಅರ್ಜಿ ಹಿಡಿದು ಓಡಾಡಿದವರು ಇವರೇ. ಏಳನೇ ಕ್ಲಾಸಿನವರಿಗೆ ಯು.ಎಸ್.ಎಸ್. ಸ್ಕಾಲರ್‌ಶಿಪ್ ಪರೀಕ್ಷೆಯೂ ಉಂಟು, ಅಲ್ಲಿ ಯಾರೂ ನಿಮ್ಮ ಮನೆಯ ಸುರಂಗ ನೋಡ್ಲಿಕ್ಕೆ ಬರುದಿಲ್ಲ ಅಂತ ಅವರ ಮಾತು.

ಅವರು ಮಾತಾಡುವಾಗ ನನಗೆ ಫ್ರಾಂಕ್ಲಿನ್ ಬಾಬಿಟ್ ನೆನಪಾದ್ರು. 1918ರಲ್ಲಿ ಅಮೆರಿಕದಲ್ಲಿ ಕರಿಕ್ಯುಲಂ ಅನ್ನುದನ್ನೇ ಒಂದು ಪ್ರತ್ಯೇಕ ವಿಷಯ ಮಾಡಿ ಪುಸ್ತಕ ಬರೆದವರು. ಫ್ಯಾಕ್ಟರಿಗಳಲ್ಲಿ ಫ್ರೆಡರಿಕ್ ಟೇಲರ್ ಅವರ ಸ್ಟಾಪ್‌ವಾಚ್ ಪದ್ಧತಿ ಜೋರಿದ್ದ ಕಾಲ, ಅದೇ ಲೆಕ್ಕವನ್ನು ಬಾಬಿಟ್ ಶಾಲೆಗೆ ತಂದ್ರು. ದೊಡ್ಡವರು ಬದುಕಿನಲ್ಲಿ ಎಂತೆಂತ ಕೆಲಸ ಮಾಡ್ತಾರೆ ನೋಡಿ, ಅದನ್ನು ತುಂಡು ತುಂಡು ಮಾಡಿ ನೂರಾರು ಉದ್ದೇಶ ಬರೀರಿ, ಒಂದೊಂದನ್ನೇ ಮಕ್ಕಳಿಗೆ ಕಲಿಸಿ. ಇವತ್ತು ನಾವು ಲರ್ನಿಂಗ್ ಔಟ್‌ಕಮ್ ಅಂತ ಟೀಚಿಂಗ್ ನೋಟಿನಲ್ಲಿ ಬರೆಯುವುದರ ಬೇರು ಅಲ್ಲೇ ಉಂಟು. 1949ರಲ್ಲಿ ರಾಲ್ಫ್ ಟೈಲರ್ ಅದಕ್ಕೆ ನಾಲ್ಕು ಪ್ರಶ್ನೆಯ ಚೌಕಟ್ಟು ಹಾಕಿದ್ರು: ಉದ್ದೇಶ ಎಂತ, ಅದಕ್ಕೆ ಯಾವ ಅನುಭವ ಕೊಡಬೇಕು, ಆ ಅನುಭವಗಳನ್ನು ಹೇಗೆ ಜೋಡಿಸಬೇಕು, ಉದ್ದೇಶ ಈಡೇರಿತಾ ಅಂತ ಹೇಗೆ ನೋಡುದು. ನಮ್ಮ ಬ್ಯಾಚಿನಲ್ಲಿ ಇವರಿಗೆ ದರ್ಜಿ ಅಂತಲೇ ಹೆಸರಿತ್ತು, ಟೇಲರ್ ಯಾರು ಟೈಲರ್ ಯಾರು ಅಂತ ಪರೀಕ್ಷೆ ಹಿಂದಿನ ರಾತ್ರಿ ತನಕ ಗಲಿಬಿಲಿ. ಆದ್ರೆ ಪಾಪ ಟೈಲರ್ ಅವರಿಗೆ ನಾವು ಅನ್ಯಾಯವೇ ಮಾಡ್ತೇವೆ. ಅವರು 1930ರ ದಶಕದಲ್ಲಿ ಮೌಲ್ಯಮಾಪನ ಮಾಡ್ಲಿಕ್ಕೆ ಹೋದದ್ದು ಎಂಟು ವರ್ಷದ ಒಂದು ಅಧ್ಯಯನಕ್ಕೆ, 30 ಹೈಸ್ಕೂಲುಗಳಿಗೆ ಕಾಲೇಜು ಪ್ರವೇಶದ ಕಟ್ಟುಪಾಡಿನಿಂದ ವಿನಾಯಿತಿ ಕೊಟ್ಟು, ನಿಮಗೆ ಬೇಕಾದ ಹಾಗೆ ಕಲಿಸಿ ಅಂತ ಬಿಟ್ಟಿದ್ದ ಕಡೆಗೆ. ಉದ್ದೇಶವನ್ನು ಮಗುವಿನಿಂದ, ಸಮಾಜದಿಂದ, ವಿಷಯದಿಂದ, ಮೂರೂ ಕಡೆಯಿಂದ ತೆಗೀಬೇಕು ಅಂತ ಅವರೇ ಬರೆದದ್ದು. ಮೊದಲೆರಡನ್ನು ಬಿಟ್ಟು ಬರೀ ಟೇಬಲ್ಲು ಇಟ್ಟುಕೊಂಡದ್ದು ಅವರ ಹಿಂದಿನಿಂದ ಬಂದವರು.

ಒಂದನೇ ಕ್ಲಾಸಿನ ಟೀಚರು ಕೆಲಸಕ್ಕೆ ಸೇರಿದ್ದು ಡಿ.ಪಿ.ಇ.ಪಿ., ಅಂದ್ರೆ ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆಯ ಕಾಲದಲ್ಲಿ. ಕೇರಳದಲ್ಲಿ ಆ ಯೋಜನೆ ಮೊದಲು ಬಂದದ್ದೇ ಮೂರು ಜಿಲ್ಲೆಗೆ, ಕಾಸರಗೋಡು, ವಯನಾಡು, ಮಲಪ್ಪುರಂ. ಹಾಡು, ಆಟ, ಗುಂಪು ಚಟುವಟಿಕೆ ಎಲ್ಲ ಒಮ್ಮೆಲೇ ಬಂದು, ಊರಿನವರು ‘ಶಾಲೆಯಲ್ಲಿ ಬರೀ ಕುಣಿಸ್ತಾರೆ, ಅಕ್ಷರ ಕಲಿಸುದಿಲ್ಲ’ ಅಂತ ಬಯ್ಯುತ್ತಿದ್ದ ಕಾಲ. ಈ ಟೀಚರಿಗೆ ನನ್ನ ಪ್ರಶ್ನೆಯೇ ಅರ್ಥ ಆಗ್ಲಿಲ್ಲ. ‘ಕೊಡಿ ಮಾರಾಯ್ರೆ ಅರ್ಧ ಮಾರ್ಕು, ಅದಕ್ಕೆ ಇಷ್ಟು ಎಂತಕ್ಕೆ? ಮಗು ಮನೆಯಿಂದ ತಂದದ್ದನ್ನು ಬಾಗಿಲಲ್ಲೇ ಇಳಿಸಿ ಒಳಗೆ ಬಾ ಅಂದ್ರೆ ಹೇಗೆ?’ ಜಾನ್ ಡ್ಯೂಯಿ 1896ರಲ್ಲಿ ಚಿಕಾಗೋದಲ್ಲಿ ಶಾಲೆ ಮಾಡಿ ಮಕ್ಕಳಿಂದ ಅಡುಗೆ, ನೇಯ್ಗೆ, ಮರಗೆಲಸ ಮಾಡಿಸಿದ್ದು, ಆಮೇಲೆ ಮಗುವಿನ ಅನುಭವವೂ ಪುಸ್ತಕದ ವಿಷಯವೂ ಒಂದೇ ಗೆರೆಯ ಎರಡು ತುದಿ ಅಂತ ಬರೆದದ್ದು, ಇದನ್ನು ಯಾವುದನ್ನೂ ಟೀಚರು ಓದಿದವರಲ್ಲ, ಓದ್ಲಿಕ್ಕೆ ಪುರುಸೊತ್ತೂ ಇಲ್ಲ. ಆದ್ರೆ ಮಾತು ಅದೇ.

ಹೆಡ್ಮಾಷ್ಟ್ರದ್ದು ಇನ್ನೊಂದೇ ಚಿಂತೆ, ರಿಜಿಸ್ಟರಿನಲ್ಲಿ ಎಂಟ್ರಿ ಆಗಿದೆ, ಈಗ ತಿದ್ದಿದ್ರೆ ಇನಿಶಿಯಲ್ ಹಾಕಬೇಕು. ಇದಕ್ಕೆ ಯಾವ ಥಿಯರಿ ಅಂತ ಹುಡುಕ್ಲಿಕ್ಕೆ ನಾನು ಹೋಗ್ಲಿಲ್ಲ.

ನಮ್ಮಲ್ಲಿ ಕೋಟ್ಟಯಂ ಕಡೆಯ ಒಬ್ಬ ಟೀಚರು ಇದ್ದಾರೆ, ಹೊಸದಾಗಿ ಬಂದವರು, ಕನ್ನಡ ಬರುದಿಲ್ಲ. ಕನ್ನಡ ಶಾಲೆಗೆ ಕನ್ನಡ ಬಾರದವರನ್ನು ಹಾಕುವ ವಿಷಯದಲ್ಲಿ ನಮ್ಮ ಊರಿನಲ್ಲಿ ಎಷ್ಟು ಗಲಾಟೆ ಉಂಟು ಅಂತ ಎಲ್ಲರಿಗೂ ಗೊತ್ತು, ಆ ಸಿಟ್ಟು ನನಗೂ ಉಂಟು, ಆದ್ರೆ ಈ ಟೀಚರು ಮಧ್ಯಾಹ್ನ ಊಟ ಆದ್ಮೇಲೆ ಒಂದನೇ ಕ್ಲಾಸಿನ ಮಕ್ಕಳ ಜೊತೆ ಕೂತು ಸ್ಲೇಟಿನಲ್ಲಿ ಕ ಖ ಬರೀತಾ ಇದ್ರು. ಅವರಿಗೆ ಸುರಂಗ ಅಂದ್ರೆ ಮಲಯಾಳದ ತುರಂಕಂ, ರೈಲು ಹೋಗುವಂಥದ್ದು, ಅದರಿಂದ ನೀರು ಹೇಗೆ ಬರ್ತದೆ ಅಂತ ಆಶ್ಚರ್ಯ. ನಮ್ಮ ವಾದ ಅರ್ಧಂಬರ್ಧ ಅರ್ಥ ಆದ ಕಾರಣ ಅವರು ಕೀಯ ಮಲಯಾಳ ಪ್ರತಿ ತೆಗೆದು ಓದ್ತಾ ಕೂತ್ರು. ಓದಿ ಮೆಲ್ಲ ನನ್ನ ಹತ್ರ ಕೇಳಿದ್ರು, ಟೀಚರೇ, ಕನ್ನಡದ್ದರಲ್ಲಿ ಕಡೆಯ ಸಾಲು ಇಲ್ವಾ? ನೋಡಿದೆ. ಇತ್ತು. ಎರಡನೇ ಪುಟದ ಬುಡದಲ್ಲಿ, ‘ಇತರ ಸೂಕ್ತ ಉತ್ತರಗಳಿಗೂ ಅಂಕ ನೀಡಬಹುದು.’ ವರ್ಷವರ್ಷವೂ ಹೀಗೇ ಕೀ ಹಿಡಿದುಕೊಂಡು ಪೇಪರು ತಿದ್ದಿದವಳು ನಾನು, ಕಡೆಯ ಸಾಲಿನ ತನಕ ಒಮ್ಮೆಯೂ ಓದಿರ್ಲಿಲ್ಲ.

ಅಂದ್ರೆ ಕೀಯನ್ನು ಬೈದು ಪ್ರಯೋಜನ ಇಲ್ಲ. ಅಮೆರಿಕದ ಶಿಕ್ಷಣ ತಜ್ಞ ಜಾನ್ ಗುಡ್‌ಲ್ಯಾಡ್ ಮತ್ತೆ ಅವರ ಜೊತೆಯವರು 1979ರಲ್ಲಿ ಹೇಳಿದ್ದು ಇದನ್ನೇ: ಕರಿಕ್ಯುಲಂ ಅಂತ ಒಂದು ಇಲ್ಲ, ಐದು ಉಂಟು. ತಜ್ಞರ ಮಂಡೆಯಲ್ಲಿ ಇರುದು ಒಂದು, ಸರಕಾರ ಒಪ್ಪಿ ಅಚ್ಚು ಹಾಕಿಸಿದ್ದು ಒಂದು, ಟೀಚರು ಇದು ಹೀಗೆ ಅಂತ ತಿಳ್ಕೊಂಡದ್ದು ಒಂದು, ಕ್ಲಾಸಿನಲ್ಲಿ ನಿಜವಾಗಿ ನಡೆಯುದು ಒಂದು, ಮಗುವಿಗೆ ಮುಟ್ಟಿದ್ದು ಒಂದು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಮೊದಲ ತತ್ವವೇ ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕು ಅಂತ, ಕೇರಳದ್ದು 2007ರಲ್ಲಿ ಬಂದದ್ದು ಇನ್ನೂ ಮುಂದೆ ಹೋಗಿ ಸಮಾಜದ ಸಮಸ್ಯೆಗಳ ಸುತ್ತವೇ ಪಾಠ ಕಟ್ಟಬೇಕು ಅಂದಿತ್ತು. ಮೇಲಿನ ಎರಡರಲ್ಲಿ ಸುರಂಗಕ್ಕೆ ಜಾಗ ಉಂಟು ಹಾಗಾದ್ರೆ. ಕಡೆಯದ್ದರಲ್ಲೂ ಉಂಟು, ಆ ಹುಡುಗಿ ಬರೆದೇ ಬಿಟ್ಟಿದ್ದಾಳೆ. ನಡುವಿನದ್ದರಲ್ಲಿ, ನನ್ನ ಮಂಡೆಯಲ್ಲಿ, ಇರ್ಲಿಲ್ಲ.

ಯಾಕೆ ಇರ್ಲಿಲ್ಲ ಅಂತ ಯೋಚನೆ ಮಾಡಿದೆ. ವಿಲಿಯಂ ಪಿನಾರ್ ಅಂತ ಒಬ್ಬರು 1970ರ ದಶಕದಲ್ಲಿ ಕರಿಕ್ಯುಲಂ ಅನ್ನುವ ಹೆಸರಿನ ಲ್ಯಾಟಿನ್ ಕ್ರಿಯಾಪದ ಹಿಡಿದು, ಅದು ‘ಓಡು’ ಅನ್ನುವ ಶಬ್ದ, ಓಡುವ ದಾರಿ ಮಾತ್ರ ಅಲ್ಲ ಓಡುವವನ ಅನುಭವವೂ ಕರಿಕ್ಯುಲಂ, ಹಾಗಾಗಿ ಮೊದಲು ನಿಮ್ಮ ಕಲಿಕೆಯ ಕಥೆಯನ್ನೇ ಹಿಂದೆ ಹೋಗಿ ನೋಡಿ ಅಂದಿದ್ರು. ಪರೀಕ್ಷೆಗೆ ಓದುವಾಗ ಇದು ಎಂತ ಮರ್ಲು ಅಂತ ನಗಾಡಿದ್ದೆ. ಈಗ ಹಿಂದೆ ಹೋಗಿ ನೋಡಿದ್ರೆ ಕಾಣುದು ನನ್ನದೇ ಐದನೇ ಕ್ಲಾಸು. ಬೋರ್ಡಿನ ಮೇಲೆ ‘ನೀರಿನ ಮೂಲಗಳು’ ಅಂತ ಬರೆದು ಕೆಳಗೆ ಗೆರೆ ಎಳೆದು ಬಾವಿ, ಕೆರೆ, ಹೊಳೆ. ನಾನು ಚಂದ ಅಕ್ಷರದಲ್ಲಿ ಕಾಪಿ ಮಾಡಿ, ಮನೆಗೆ ಹೋಗಿ, ಸುರಂಗದ ಬಾಯಿಯಲ್ಲಿ ಕಾಲು ತೊಳೆದು ಒಳಗೆ ಹೋಗಿದ್ದೆ. ಇದು ಅದು ಎರಡೂ ಒಂದೇ ವಿಷಯ ಅಂತ ಅನಿಸ್ಲೇ ಇಲ್ಲ.

ಶನಿವಾರ ಎಸ್.ಆರ್.ಜಿ. ಮೀಟಿಂಗಿನಲ್ಲಿ, ಅಂದ್ರೆ ಶಾಲೆಯ ಟೀಚರುಗಳೆಲ್ಲ ಸೇರುವ ಮೀಟಿಂಗಿನಲ್ಲಿ, ಇದೇ ವಿಷಯ. ಗಣಿತದ ಮಾಷ್ಟ್ರು ಈಗ ಇನ್ನೊಂದು ಬದಿಯಿಂದ ಬಂದ್ರು. ‘ಸರಿ, ಇತರ ಸೂಕ್ತ ಅಂತ ಉಂಟು, ಆದ್ರೆ ಸೂಕ್ತ ಅಂತ ಹೇಳುವವರು ಯಾರು?’ ಒಳ್ಳೆ ಪ್ರಶ್ನೆ. ಯಾವ ಜ್ಞಾನಕ್ಕೆ ಬೆಲೆ ಹೆಚ್ಚು ಅಂತ ಹರ್ಬರ್ಟ್ ಸ್ಪೆನ್ಸರ್ 1859ರಲ್ಲಿ ಕೇಳಿದ್ರು, ವಿಜ್ಞಾನಕ್ಕೆ ಅಂತ ಅವರೇ ಉತ್ತರವನ್ನೂ ಕೊಟ್ರು. ನೂರಿಪ್ಪತ್ತು ವರ್ಷ ಆದ್ಮೇಲೆ ಮೈಕೆಲ್ ಆಪಲ್ ಆ ಪ್ರಶ್ನೆಯನ್ನೇ ತಿರುಗಿಸಿ, ಯಾರ ಜ್ಞಾನಕ್ಕೆ ಅಂತ ಕೇಳಿದ್ರು. ನಮ್ಮ ಕಲ್ಲಿನ ಕಥೆಯನ್ನೇ ತಕೊಳ್ಳಿ. ಫ್ರಾನ್ಸಿಸ್ ಬುಕಾನನ್ ಅಂತ ಸ್ಕಾಟ್ಲೆಂಡಿನ ಡಾಕ್ಟರು ಮಲಬಾರಿನ ಅಂಗಾಡಿಪ್ಪುರಂನಲ್ಲಿ ಜನ ಮುರಕಲ್ಲು ಕಡೀತಾ ಇರುದು ಕಂಡು, ಇಟ್ಟಿಗೆ ಅನ್ನುವ ಅರ್ಥದ ಲ್ಯಾಟಿನ್ ಶಬ್ದದಿಂದ ಲ್ಯಾಟರೈಟ್ ಅಂತ ಹೆಸರಿಟ್ರು, 1807ರಲ್ಲಿ ಅಚ್ಚಾಯ್ತು, ಈಗ ಲೋಕದ ಎಲ್ಲ ಭೂಗೋಳ ಪುಸ್ತಕದಲ್ಲೂ ಉಂಟು. ನಮ್ಮ ಮಕ್ಕಳು ಲ್ಯಾಟರೈಟ್ ಅಂತ ಬರೆದ್ರೆ ಮಾರ್ಕು, ಅದೇ ಕಲ್ಲನ್ನು ಕೊರೆದು ನೀರು ತಂದದ್ದನ್ನು ಬರೆದ್ರೆ ಇಂಟು.

ಮೀಟಿಂಗು ಒಂದೂವರೆ ಗಂಟೆ ನಡೀತು. ಅಮೆರಿಕದ ಜೋಸೆಫ್ ಶ್ವಾಬ್ 1969ರಲ್ಲಿ, ಥಿಯರಿ ಥಿಯರಿ ಅಂತ ಕೂತು ಈ ಕರಿಕ್ಯುಲಂ ಕ್ಷೇತ್ರವೇ ಸಾಯ್ಲಿಕ್ಕೆ ಆಗಿದೆ, ಎದುರಿಗಿರುವ ಒಂದು ತೊಂದರೆಯನ್ನು ಹಿಡಿದು ಟೀಚರು, ಮಗು, ವಿಷಯ, ಊರು ನಾಲ್ಕನ್ನೂ ಮೇಜಿನ ಮೇಲಿಟ್ಟು ಚರ್ಚೆ ಮಾಡಿ ಅಂದಿದ್ರು. ನಮ್ಮ ಮೇಜಿನ ಮೇಲೆ ಅದರ ಜೊತೆಗೆ ಚಾ ಮತ್ತೆ ಗೋಳಿಬಜೆಯೂ ಇತ್ತು. ತೀರ್ಮಾನ: ಅರ್ಧ ಮಾರ್ಕು ಕೊಡುದು, ಇನಿಶಿಯಲ್ ಹೆಡ್ಮಾಷ್ಟ್ರು ಹಾಕುದು, ಮತ್ತೆ ಜನವರಿಯಲ್ಲಿ ನಾನು ಸುರಂಗದ ಮೇಲೆ ಒಂದು ಯೂನಿಟ್ ಮಾಡುದು. ಮಾರ್ಕು ಕೊಟ್ಟೆವು. ಹುಡುಗಿಯ ಗ್ರೇಡು ಬದಲಾಗ್ಲಿಲ್ಲ, ಮೊದಲೂ ಬಿ, ಈಗಲೂ ಬಿ.

ಯೂನಿಟ್ಟಿನ ಮೊದಲ ವಾರ ನಾನು ಮಾಡಿದ್ದು ಹೇಳ್ಲಿಕ್ಕೆ ನಾಚಿಕೆ ಆಗ್ತದೆ. ಚಂದದ ಪ್ಲಾನು ಬರೆದೆ, ‘ಸುರಂಗದ ಭಾಗಗಳನ್ನು ಹೆಸರಿಸುವನು, ವಿಧಗಳನ್ನು ಪಟ್ಟಿ ಮಾಡುವನು’ ಅಂತ. ಬೋರ್ಡಿನಲ್ಲಿ ಚಿತ್ರ ಹಾಕಿ ಬಾಣ ಎಳೆದೆ. ಮಕ್ಕಳು ಕಾಪಿ ಮಾಡಿಕೊಂಡ್ರು. ಮೂರನೇ ದಿನ ಒಬ್ಬ ಎದ್ದು ಕೇಳಿದ, ‘ಟೀಚರೇ, ಇದು ಪರೀಕ್ಷೆಗೆ ಬರ್ತದಾ?’ ಗುಡ್ಡದಲ್ಲಿ ಇದ್ದ ಸುರಂಗವನ್ನು ನಾನು ಮೂರು ದಿನದಲ್ಲಿ ನೋಟ್ಸು ಮಾಡಿಬಿಟ್ಟಿದ್ದೆ. ಗಣಿತದ ಮಾಷ್ಟ್ರು ಕಿಟಕಿಯಿಂದ ನೋಡಿ ನಗಾಡಿ ಹೋದ್ರು. ಬ್ಯಾಂಕಿಗೆ ದುಡ್ಡು ತುಂಬಿದ ಹಾಗೆ ಮಕ್ಕಳ ಮಂಡೆಗೆ ತುಂಬುದು ಅಂತ ಬ್ರೆಜಿಲಿನ ಫ್ರೇರೆ ಬೈದದ್ದು ಇಂಥ ಕಲಿಸುವಿಕೆಯನ್ನೇ, ತುಂಬುವ ಮಾಲು ಊರಿನದ್ದು ಅಂತ ಹೇಳಿ ಅವರು ರಿಯಾಯಿತಿ ಕೊಡ್ತಾ ಇರ್ಲಿಲ್ಲ ಅಂತ ಕಾಣ್ತದೆ.

ಅದೇ ವಾರ ಪಿ.ಟಿ.ಎ. ಮೀಟಿಂಗಿಗೆ ಆ ಹುಡುಗಿಯ ಅಪ್ಪ ಬಂದ್ರು. ಇವರು ಮೊದಲು ಸುರಂಗ ಕೊರೆಯುವ ಕೆಲಸದವರು, ಈಗ ಅಡಿಕೆ ತೋಟಕ್ಕೆ ಮದ್ದು ಬಿಡ್ಲಿಕ್ಕೆ, ಅಡಿಕೆ ಕೊಯ್ಲಿಗೆ ಹೋಗುದು. ನಾನು ಬಹಳ ಸಂತೋಷದಿಂದ, ನಿಮ್ಮ ಕೆಲಸದ ಬಗ್ಗೆ ಮಕ್ಕಳಿಗೆ ಹೇಳಿ ಅಂತ ಕರೆದೆ. ಅವರು ಕುರ್ಚಿಯಲ್ಲಿ ಕೂತುಕೊಳ್ಲೇ ಇಲ್ಲ. ‘ಟೀಚರೇ, ನಾನು ಅದರೊಳಗೆ ಮೊಣಕಾಲಲ್ಲಿ ಕೂತು ಪಿಕ್ಕಾಸು ಹಾಕಿ ಕೆಂಪು ಮಣ್ಣು ತಿಂದದ್ದು ಸಾಕು. ಮಗಳು ಅದನ್ನು ಕಲೀಲಿಕ್ಕೆ ನಾನು ಅವಳನ್ನು ಶಾಲೆಗೆ ಕಳಿಸುದಾ? ಅವಳಿಗೆ ಇಂಗ್ಲೀಷು ಕಲಿಸಿ.’

ನನಗೆ ಕಪಾಳಕ್ಕೆ ಬಿದ್ದ ಹಾಗೆ ಆಯ್ತು. ಸುರಂಗ ನಮ್ಮ ಹೆಮ್ಮೆ ಅಂತ ಹೇಳುದು ನೀರು ಕುಡಿದವರು, ಕೊರೆದವರಲ್ಲ. ಇದರ ಹಿಂದೆ ಒಂದು ಹಳೇ ಕಥೆಯೂ ಉಂಟು. 1953ರಲ್ಲಿ ಮದ್ರಾಸಿನಲ್ಲಿ ರಾಜಾಜಿ ಸರಕಾರ ಹಳ್ಳಿ ಶಾಲೆಗಳಿಗೆ ಒಂದು ಸ್ಕೀಮು ತಂತು, ದಿನದ ಸ್ವಲ್ಪ ಹೊತ್ತು ಶಾಲೆ, ಉಳಿದ ಹೊತ್ತು ಮಗು ಮನೆಯಲ್ಲಿ ಅಪ್ಪನ ಕಸುಬು ಕಲೀಬೇಕು. ಜಾತಿ ಕಸುಬಿನ ಶಿಕ್ಷಣ ಅಂತ ಜನ ತಿರುಗಿ ಬಿದ್ರು, 1954ರಲ್ಲಿ ಕಾಮರಾಜ್ ಬಂದು ಅದನ್ನು ತೆಗೆದು ಹಾಕಿದ್ರು. ಆಗ ಕಾಸರಗೋಡು ದಕ್ಷಿಣ ಕನ್ನಡದ ತಾಲೂಕು, ಮದ್ರಾಸ್ ರಾಜ್ಯದಲ್ಲೇ ಇದ್ದದ್ದು, ಕೇರಳಕ್ಕೆ ಸೇರಿದ್ದು 1956ರ ನವಂಬರ್ 1ಕ್ಕೆ. ಅದಕ್ಕಿಂತ ಮೊದಲೇ, 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕೈಕೆಲಸದ ಮೂಲಕವೇ ಎಲ್ಲ ವಿಷಯ ಕಲಿಸುವ ನಯೀ ತಾಲೀಮ್ ಹೇಳಿದ್ರು. ಎರಡೂ ದೂರದಿಂದ ಒಂದೇ ತರ ಕಾಣ್ತದೆ, ಆದ್ರೆ ಒಂದರಲ್ಲಿ ಎಲ್ಲ ಮಕ್ಕಳೂ ನೂಲಬೇಕು, ಇನ್ನೊಂದರಲ್ಲಿ ಅಗಸನ ಮಗ ಬಟ್ಟೆ ಒಗೆಯುದು. ಇಂಗ್ಲೆಂಡಿನ ಮೈಕೆಲ್ ಯಂಗ್ 1971ರಲ್ಲಿ ಶಾಲೆಯ ಜ್ಞಾನ ಅಂದ್ರೆ ಅಧಿಕಾರ ಇದ್ದವರ ಜ್ಞಾನ ಅಂತ ಟೀಕೆ ಮಾಡಿ ಹೆಸರಾದವರು, ಅವರೇ 2008ರ ಹೊತ್ತಿಗೆ ತಿರುಗಿ ಬಂದು, ಬಡವರ ಮಕ್ಕಳಿಗೆ ಮನೆಯಲ್ಲಿ ಸಿಗದೆ ಇರುವ, ಶಕ್ತಿ ಕೊಡುವ ಜ್ಞಾನವನ್ನು ಶಾಲೆ ಕೊಡದಿದ್ರೆ ಇನ್ಯಾರು ಕೊಡುದು ಅಂತ ಬರೆದ್ರು. ಆ ಅಪ್ಪ ನಿಂತುಕೊಂಡೇ ಹೇಳಿದ್ದು ಅದನ್ನೇ.

ಹೊರಡುವಾಗ ಅವರು ಒಂದು ಪ್ರಶ್ನೆ ಕೇಳಿದ್ರು. ಒಳಗೆ ಹೋಗುವಾಗ ಕ್ಯಾಂಡ್ಲು ಹಿಡಿದು ಹೋಗುದು, ಅದು ನಂದಿದ್ರೆ ಒಂದು ನಿಮಿಷವೂ ನಿಲ್ಲದೆ ಹಿಂದೆ ಬರುದು, ಇದನ್ನು ಹಿರಿಯರು ಹೇಳಿಕೊಟ್ಟದ್ದು. ‘ಅದು ಯಾಕೆ ನಂದುದು ಟೀಚರೇ? ಗಾಳಿ ಉಂಟಲ್ಲ, ನಾನು ಉಸಿರಾಡ್ತಾ ಇದ್ದೇನಲ್ಲ?’ ನಾನು ಹೇಳಿದೆ, ಹೊರಗಿನ ಗಾಳಿಯಲ್ಲಿ ನೂರಕ್ಕೆ 21ರಷ್ಟು ಆಮ್ಲಜನಕ, ಅದು 16-17ಕ್ಕೆ ಇಳಿದ್ರೆ ಕ್ಯಾಂಡ್ಲು ಉರಿಯುದಿಲ್ಲ, ಮನುಷ್ಯ ಇನ್ನೂ ಸ್ವಲ್ಪ ಹೊತ್ತು ತಡ್ಕೊಳ್ತಾನೆ, ಆದ್ರೆ ಮಂಡೆ ತಿರುಗ್ಲಿಕ್ಕೆ ಶುರುವಾಗ್ತದೆ, ಬೀಳುವುದಕ್ಕಿಂತ ಮೊದಲು ಕ್ಯಾಂಡ್ಲು ಹೇಳಿಬಿಡ್ತದೆ. ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತ್ರು. ‘ಹಾಗಾದ್ರೆ ಇದನ್ನು ಕಲಿಸಿ’ ಅಂತ ಹೇಳಿ ಹೋದ್ರು.

ಸೋಮವಾರ ಹಳೇ ಪ್ಲಾನು ಹರಿದು ಹಾಕಿದೆ. ಹಿಲ್ಡಾ ಟಾಬಾ ಹೇಳಿದ ಹಾಗೆ ಮೊದಲು ಮಕ್ಕಳಿಗೆ ಎಂತ ಗೊತ್ತುಂಟು ಎಂತ ಗೊತ್ತಿಲ್ಲ ಅಂತ ನೋಡಿದೆ. ಸುರಂಗದ ಬಗ್ಗೆ ನನಗಿಂತ ಹೆಚ್ಚು ಗೊತ್ತುಂಟು, ಒಳಗೆ ಬಾವಲಿ ಎಲ್ಲಿ ಇರ್ತದೆ ಎಂಬಲ್ಲಿಯವರೆಗೆ. ಗೊತ್ತಿಲ್ಲದ್ದು ಎರಡೇ: ನೀರು ಎಲ್ಲಿಂದ ಬರ್ತದೆ, ಎಷ್ಟು ಬರ್ತದೆ. ಅಲ್ಲಿಂದ ಶುರು ಮಾಡಿದೆ. ಯಾರೂ ಒಳಗೆ ಹೋಗ್ಲಿಕ್ಕಿಲ್ಲ, ಬಾಯಿಯಲ್ಲಿ ನಿಂತು 10 ಲೀಟರಿನ ಬಾಲ್ದಿ ಪೈಪಿನ ಕೆಳಗೆ ಇಡುದು, ತುಂಬ್ಲಿಕ್ಕೆ ಎಷ್ಟು ಹೊತ್ತು ಅಂತ ಮೊಬೈಲಿನಲ್ಲಿ ನೋಡುದು. ಆ ಹುಡುಗಿಯ ಮನೆಯದ್ದು ಫೆಬ್ರವರಿ ಮೊದಲ ವಾರ 2 ನಿಮಿಷ 40 ಸೆಕೆಂಡು. ಲೆಕ್ಕಕ್ಕೆ ಗಣಿತದ ಮಾಷ್ಟ್ರನ್ನೇ ಕರೆದೆ, ಅವರು ಬರುದಿಲ್ಲ ಅಂತ ಗ್ರಹಿಸಿದ್ದೆ, ಬಂದ್ರು, ಬಂದವರು ಹೋಗ್ಲೇ ಇಲ್ಲ. ಗಂಟೆಗೆ 225 ಲೀಟರ್, ದಿನಕ್ಕೆ 5400. ಮಕ್ಕಳಿಗೆ ನಂಬಿಕೆಯೇ ಬರ್ಲಿಲ್ಲ, ಬೆರಳು ಗಾತ್ರದ ನೀರು ಅಷ್ಟು ಆಗ್ತದಾ ಅಂತ. ಉದ್ದ ಕೇಳಿದ್ರೆ ಮನೆಯವರು ಹೇಳುದು ಕೋಲಿನಲ್ಲಿ, ಒಂದು ಕೋಲು ಅಂದ್ರೆ ಎರಡೂವರೆ ಅಡಿ ಹತ್ರ, ಅದನ್ನು ಮೀಟರಿಗೆ ತರುದು ಇನ್ನೊಂದು ಲೆಕ್ಕ. ಕೋಟ್ಟಯಂ ಟೀಚರು ಮುರಕಲ್ಲಿನ ತುಂಡು ತಂದು ತೂಕ ಮಾಡಿಸಿ, ರಾತ್ರಿಯಿಡೀ ನೀರಲ್ಲಿ ಹಾಕಿ ಬೆಳಗಾತ ಮತ್ತೆ ತೂಕ ಮಾಡಿಸಿದ್ರು. ತೂಕ ಹೆಚ್ಚಾಯ್ತು. ಗುಡ್ಡ ಹೇಗೆ ನೀರು ಹಿಡೀತದೆ ಅಂತ ಅವರು ಮುರುಕು ಕನ್ನಡದಲ್ಲಿ ಹೇಳಿದ್ದು ನನ್ನ ಚಿತ್ರಕ್ಕಿಂತ ಚೆಂದ ಅರ್ಥ ಆಯ್ತು. ಯಾವ ವಿಷಯವನ್ನೂ ಯಾವ ವಯಸ್ಸಿನ ಮಗುವಿಗೂ ಸುಳ್ಳು ಮಾಡದೆ ಕಲಿಸಬಹುದು ಅಂತ ಬ್ರೂನರ್ ಅಂದದ್ದನ್ನು ನಾನು ಯಾವಾಗಲೂ ಅತಿಶಯೋಕ್ತಿ ಅಂತ ತಿಳ್ಕೊಂಡಿದ್ದೆ, ಈಗ ಅಷ್ಟು ಖಚಿತವಾಗಿ ಹಾಗೆ ಹೇಳುದಿಲ್ಲ.

ಎಲ್ಲ ಸರಿಯಾಗ್ಲಿಲ್ಲ. ಇಂಗ್ಲೀಷು ಪಾಠ ಎರಡು ಹಿಂದೆ ಬಿತ್ತು. ಮನೆಯಲ್ಲಿ ಸುರಂಗ ಇಲ್ಲದ ಹದಿನಾಲ್ಕು ಮಕ್ಕಳಲ್ಲಿ ನಾಲ್ಕೈದು ಮಂದಿ ಕಡೆಯ ತನಕ ನೋಡುವವರಾಗಿಯೇ ಉಳಿದ್ರು, ಅವರಿಗೆ ಬೇರೆ ಎಂತ ಕೊಡಬಹುದಿತ್ತು ಅಂತ ಈಗ ಹೊಳೆಯುತ್ತದೆ, ಆಗ ಹೊಳೀಲಿಲ್ಲ. ಬೇಸಿಗೆ ರಜೆಯಲ್ಲಿ ಮೇ ತಿಂಗಳು ಹುಡುಗಿ ತನ್ನಷ್ಟಕ್ಕೆ ಇನ್ನೊಮ್ಮೆ ಬಾಲ್ದಿ ಇಟ್ಟು ಅಪ್ಪನ ಮೊಬೈಲಿನಿಂದ ಮೆಸೇಜು ಹಾಕಿದಳು, 6 ನಿಮಿಷ 40 ಸೆಕೆಂಡು. ಕೆಳಗೆ ಲೆಕ್ಕವನ್ನೂ ಮಾಡಿದ್ದಳು, ದಿನಕ್ಕೆ 2160. ನಾನು ಹೇಳಿರ್ಲಿಲ್ಲ. ಈಗ ಅವಳು ಎಂಟಕ್ಕೆ ಹೋಗಿ ಬೇರೆ ಶಾಲೆ.

ಈ ವರ್ಷದ ಓಣಂ ಪರೀಕ್ಷೆಯಲ್ಲಿ ಮತ್ತೆ ಅದೇ ತರದ ಪ್ರಶ್ನೆ ಬಂತು. ಈ ಸಲ ನಾನು ಕೀಯನ್ನು ಬುಡದಿಂದ ಮೇಲಕ್ಕೆ ಓದಿದೆ. ನಾಲ್ಕು ಮಂದಿ ಸುರಂಗ ಬರೆದಿದ್ರು, ಯಾರೂ ಗೀಚಿ ಅಳಿಸಿರ್ಲಿಲ್ಲ, ನಾಲ್ಕಕ್ಕೂ ರೈಟ್. ಹದಿನೇಳನೇ ಪೇಪರು ಪಂಚಾಯತಿನವರು ಬೇಸಿಗೆಯಲ್ಲಿ ನೀರು ಕೊಡುವ ಕಾಲನಿಯ ಒಬ್ಬ ಹುಡುಗನದ್ದು. ಬಾವಿ, ಹೊಳೆ, ಕೆರೆ, ಟ್ಯಾಂಕರ್ ಲಾರಿ.

ಸ್ಟಾಫ್ ರೂಮಿನಲ್ಲಿ ತೋರಿಸಿದೆ. ಒಂದನೇ ಕ್ಲಾಸಿನ ಟೀಚರು ಕೊಡಿ ಅಂದ್ರು. ಲಾರಿಗೆ ನೀರು ಬರುದೂ ಬಾವಿಯಿಂದ ಅಲ್ವಾ, ಅದು ಮೂಲ ಹೇಗೆ ಆಗ್ತದೆ ಅಂತ ಗಣಿತದ ಮಾಷ್ಟ್ರು. ಅವರು ಹೇಳುದು ಸರಿಯೇ ಉಂಟು. ಹುಡುಗನನ್ನು ಕೇಳಿದೆ, ಮಾರ್ಚಿನಿಂದ ಮಳೆಗಾಲದ ತನಕ ನಮಗೆ ಬೇರೆ ಇಲ್ಲ ಟೀಚರೇ ಅಂದ. ಅದೂ ಸರಿಯೇ ಉಂಟು. ಮಾರ್ಕು ಸದ್ಯಕ್ಕೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ, ಶನಿವಾರ ಎಸ್.ಆರ್.ಜಿ. ಉಂಟು.